ಸೆನ್ಯೋರಾಳ ಬಾಯಿಕುಕ್ಕೆ

ನಮ್ಮ ಅತ್ತೆ ತುಮಿನಾ ಒಂದು ಕುರಿಯ ಮಾತು ಕಟ್ಟಿಕೊಂಡು ಇಡೀ ಮಂದೆಯನ್ನು ಮಣ್ಣುಪಾಲು ಮಾಡಲು ಹೊರಟಿದ್ದಳು. ಕೇರಿಯಲ್ಲಿ ಇದನ್ನು ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ? ಆ ಮಂದೆಯಲ್ಲಿ ನನ್ನ ತವರಿನಿಂದ ಬಂದ ಎರಡು ಕುರಿಗಳಿದ್ದವು. ಈ ಮನೆಯಲ್ಲಿ ನನ್ನದು, ಅಂದರೆ ಸೊಸೆ ಕತಾಲ್‌ಳದು ಅಂತ ಇದ್ದದ್ದು ಅವೆರಡೇ. ನನಗಂತೂ ನಗು ಬರಲಿಲ್ಲ. ಎದುರಿಗೆ ಅತ್ತೆಯನ್ನು ನೀವು, ತಾವು ಎಂದೇ ಮಾತಾಡಿಸುತ್ತೇನೆ. ಇಲ್ಲಿ ಅವಳು ಎನ್ನುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ.

ಚಾಮುಲಾದ ಈ ಗುಡ್ಡಗಳಲ್ಲಿ ಕುರಿ ಎಂದರೆ ಹೆಂಗಸರ ಪಾಲು. ಗಂಡಸರು ಜೋಳದ ಹೊಲ ನೋಡಿಕೊಳ್ಳುತ್ತಾರೆ, ಊರ ಪಂಚಾಯ್ತಿ ಮಾಡುತ್ತಾರೆ, ಹಬ್ಬ ಬಂದರೆ ಪೋಶ್ ಸಾರಾಯಿ ಕುಡಿದು ದಾರಿಯಲ್ಲಿ ಮಲಗುತ್ತಾರೆ. ಕುರಿ, ಉಣ್ಣೆ, ಮಗ್ಗ ನಮ್ಮದು. ಕುರಿಯನ್ನು ನಾವು ಕಡಿಯುವುದಿಲ್ಲ, ತಿನ್ನುವುದಿಲ್ಲ. ನಮ್ಮ ಸಂತ ಹುವಾನ್ ತೋಳಿನಲ್ಲಿ ಎತ್ತಿಕೊಂಡಿರುವ ಪ್ರಾಣಿಯನ್ನು ಯಾರು ತಾನೇ ಒಲೆಯ ಮೇಲೆ ಇಟ್ಟಾರು? ಒಂದೊಂದಕ್ಕೂ ಹೆಸರಿಡುತ್ತೇವೆ, ಮುದಿಯಾಗಿ ಸತ್ತರೆ ಮಣ್ಣು ಮಾಡಿ ಅಳುತ್ತೇವೆ. ಹೀಗಾಗಿ ಒಂದು ಕುರಿಗೆ ತಲೆ ತಿರುಗಿದರೆ ಅದನ್ನು ಕಟುಕನಿಗೆ ಕೊಟ್ಟು ಕೈತೊಳೆದುಕೊಳ್ಳುವ ದಾರಿ ನಮಗಿಲ್ಲ. ಅದು ಬದುಕಿರುವಷ್ಟು ದಿನ ಅದರ ಜೊತೆ ಏಗಬೇಕು, ಅತ್ತೆಯ ಜೊತೆ ಏಗುವ ಹಾಗೆ.

ತುಮಿನಾಗೆ ಮೊದಲ ಕುರಿಮರಿ ಸಿಕ್ಕಿದ್ದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಅವಳ ಅವ್ವನ ಕೈಯಿಂದ. ಅಂದಿನಿಂದ ಅವಳು ಕುರಿಯ ಹಿಂದೆ ನಡೆಯದೆ ಇದ್ದದ್ದು ಹೆರಿಗೆಯ ದಿನಗಳಲ್ಲಿ ಮತ್ತು ಗಂಡನನ್ನು ಮಣ್ಣು ಮಾಡಿದ ದಿನ. ಆ ದಿನವೂ ಸಂಜೆಗೆ ಎದ್ದು ಹೋಗಿ ಮಂದೆಗೆ ಸೊಪ್ಪು ಹಾಕಿ ಬಂದಳಂತೆ. ಆಮೇಲೆ ಉಣ್ಣೆ ನೂತು, ನೇಯ್ದು, ಮಾರಿ ಮಕ್ಕಳನ್ನು ಸಾಕಿದಳು. ಕೇರಿಯಲ್ಲೆಲ್ಲ ಅವಳ ಮಂದೆಯೇ ಚೆನ್ನ ಎಂದು ಹೊಟ್ಟೆಕಿಚ್ಚಿನವರೂ ಒಪ್ಪುತ್ತಿದ್ದರು.

ಚೆನ್ನಾಗಿದ್ದದ್ದು ಅವಳ ಕಟ್ಟುಪಾಡುಗಳಿಂದ. ಆ ಕಟ್ಟುಪಾಡುಗಳು ನನ್ನ ಪ್ರಾಣ ಹಿಂಡುತ್ತಿದ್ದವು. ಬೆಳಿಗ್ಗೆ ಇಬ್ಬನಿ ಆರುವ ತನಕ ಮಂದೆ ಹೊರಡುವ ಹಾಗಿಲ್ಲ. ಪಕ್ಕದ ಮನೆಯವರ ಕುರಿಗಳು ಆಗಲೇ ಗುಡ್ಡ ಹತ್ತಿರುತ್ತಿದ್ದವು. ನಾನು ಜೋಳ ಬೀಸಿ, ರೊಟ್ಟಿ ಸುಟ್ಟು, ನೀರು ಹೊತ್ತು ತಂದು, ಕೋಲು ಹಿಡಿದು ನಿಂತಿರುತ್ತಿದ್ದೆ. ಅತ್ತೆ ಅಂಗಳದ ಅಂಚಿನ ಹುಲ್ಲನ್ನು ಅಂಗೈಯಲ್ಲಿ ಸವರಿ, "ಇನ್ನೂ ಹಸಿ ಐತೆ ಕಣೇ, ಕೂತ್ಕೋ" ಅನ್ನುವಳು.

"ಇಬ್ಬನಿ ತಿಂದ್ರೆ ಕುರಿ ಸತ್ತೋಗ್ತವಾ ಅತ್ತೆ?"

"ಒಂದಿನ ತಿಂದ್ರೆ ಸಾಯಲ್ಲ. ದಿನಾ ತಿಂದ್ರೆ ಒಳಗೆ ಹುಳ ಬಿದ್ದು ಸಾಯ್ತವೆ. ನಿಮ್ಮವ್ವ ಇಷ್ಟೂ ಹೇಳ್ಕೊಟ್ಟಿಲ್ವಾ?"

ಮಾತು ಎಲ್ಲಿ ಶುರುವಾದರೂ ನನ್ನ ತವರಿಗೆ ಹೋಗಿ ಮುಟ್ಟದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

ರಾತ್ರಿ ಕುರಿ ಕೂಡುವ ರೊಪ್ಪವೂ ಒಂದೇ ಕಡೆ ಇರುವಂತಿಲ್ಲ. ಕುರಿ ತನ್ನ ಹಿಕ್ಕೆಯ ಮೇಲೆ ತಾನೇ ಮಲಗಿದರೆ ಕೆಡುತ್ತದೆ ಎಂದು ನಾನೂ ನನ್ನ ಗಂಡ ಶಾಲಿಕ್‌ನೂ ಹಲಗೆಗಳನ್ನು ಹೊತ್ತು ಹೊಲದಲ್ಲಿ ರೊಪ್ಪವನ್ನು ಮುಂದು ಮುಂದಕ್ಕೆ ಸರಿಸುತ್ತಿರಬೇಕು. ಹೊಲಕ್ಕೆ ಗೊಬ್ಬರ, ಕುರಿಗೆ ಒಣನೆಲ, ನಮಗೆ ಸೊಂಟನೋವು.

ಎಲ್ಲಕ್ಕಿಂತ ದೊಡ್ಡ ಕಾಟ ಬಾಯಿಕುಕ್ಕೆಯದು. ಮನೆಯಿಂದ ಮೇವಿನ ಗುಡ್ಡಕ್ಕೆ ಇರುವುದು ಒಂದೇ ದಾರಿ. ಒಂದು ಬದಿ ಬಂಡೆ, ಇನ್ನೊಂದು ಬದಿ ಪಕ್ಕದವರ ಎಲೆಕೋಸಿನ ಬೇಲಿ, ನಡುವೆ ತಗ್ಗು. ಆ ತಗ್ಗಿನಲ್ಲಿ ಒಂದು ಒರತೆ, ಒರತೆಯ ಸುತ್ತ ಜೌಗು. ಎಲ್ಲ ಕಡೆ ಹುಲ್ಲು ಒಣಗಿ ತರಗಾದಾಗಲೂ ಅಲ್ಲಿಯ ಹಸಿರು ಕಣ್ಣು ಕುಕ್ಕುತ್ತದೆ. ಹುಲ್ಲಿನ ಬುಡದಲ್ಲಿ ಸಣ್ಣ ಸಣ್ಣ ಬಸವನಹುಳಗಳು. ಆ ಹುಲ್ಲು ತಿಂದ ಕುರಿಯ ಹೊಟ್ಟೆ ಒಳಗಿಂದ ಕೊಳೆಯುತ್ತದೆ ಎಂದು ಅತ್ತೆಗೆ ಅವಳ ಅವ್ವ ಹೇಳಿದ್ದಳು, ಅತ್ತೆ ನನಗೆ ಹೇಳಿದಳು. ಅದಕ್ಕೇ ರೊಪ್ಪದಿಂದ ಹೊರಡುವಾಗ ಪ್ರತಿ ಕುರಿಯ ಮೂತಿಗೂ ನಾರಿನ ಕುಕ್ಕೆ ಕಟ್ಟಬೇಕು, ಗುಡ್ಡ ತಲುಪಿದ ಮೇಲೆ ಬಿಚ್ಚಬೇಕು, ಸಂಜೆ ಬರುವಾಗ ಮತ್ತೆ ಕಟ್ಟಬೇಕು. ಕೈಬೆರಳೆಲ್ಲ ಕುರಿಯ ಜೊಲ್ಲು. ಆದರೂ ಕಟ್ಟುತ್ತಿದ್ದೆ. ಫಲ ಕಣ್ಣೆದುರಿಗಿತ್ತು. ಬೇರೆಯವರ ಮರಿಗಳು ಹೊಟ್ಟೆ ಉಬ್ಬಿ ಕಾಲು ಸಣ್ಣಗಾಗಿ ನಿಲ್ಲುವ ಕಾಲದಲ್ಲಿ ನಮ್ಮವು ಚಂಗನೆ ಹಾರುತ್ತಿದ್ದವು.

ಇಂಥ ಹೆಂಗಸು ಕೆಟ್ಟದ್ದು ಸೆನ್ಯೋರಾಳಿಂದ.

ಸೆನ್ಯೋರಾ ಎಂದರೆ ದೊರೆಸಾನಿ. ನಡಿಗೆ ನೋಡಿ ಅತ್ತೆಯೇ ಇಟ್ಟ ಹೆಸರು. ಕಪ್ಪು ಕುರಿ, ಹಲ್ಲು ಅರ್ಧ ಸವೆದಿತ್ತು, ಜಂಬ ಮಾತ್ರ ಸವೆದಿರಲಿಲ್ಲ. ಮಂದೆಯ ಮುಂದೆ ಅವಳೇ ನಡೆಯಬೇಕು. ಅವಳು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು, ಅವಳು ಎಡಕ್ಕೆ ತಿರುಗಿದರೆ ಎಲ್ಲವೂ ಎಡಕ್ಕೆ. ನಾನು ಹಿಂದಿನಿಂದ ಗಂಟಲು ಹರಿಯುವಂತೆ ಕೂಗಿದರೂ ಒಂದು ಕಿವಿಯೂ ಅಲುಗುತ್ತಿರಲಿಲ್ಲ.

ಹೋದ ವರ್ಷ ಮಳೆ ಶುರುವಾದ ಹೊಸದರಲ್ಲಿ ಒಂದು ಬೆಳಿಗ್ಗೆ ನಾನು ಸೆನ್ಯೋರಾಳಿಗೆ ಕುಕ್ಕೆ ಕಟ್ಟಲು ಬಗ್ಗಿದೆ. ಅತ್ತೆ ಕೈ ಹಿಡಿದಳು.

"ಅವಳಿಗೆ ಬೇಡ."

"ಯಾಕೆ?"

"ರಾತ್ರಿ ಕನಸಲ್ಲಿ ಬಂದಿದ್ಲು. ಅಳ್ತಾ ಇದ್ಲು ಕಣೇ. ಇಷ್ಟು ವರ್ಷ ನಿನಗೆ ಉಣ್ಣೆ ಕೊಟ್ಟೆ, ಮರಿ ಕೊಟ್ಟೆ, ನೀನು ದಿನಾ ನನ್ನ ಬಾಯಿ ಕಟ್ತೀಯಲ್ಲ, ಸಾಯೋ ಕಾಲಕ್ಕೆ ಸಂತನನ್ನ ಹೆಂಗೆ ಕೂಗ್ಲಿ ಅಂದ್ಲು. ಇನ್ಮೇಲೆ ಕಟ್ಟಲ್ಲ ಅಂತ ಮಾತು ಕೊಟ್ಟೆ."

ನಮ್ಮಲ್ಲಿ ಕನಸೆಂದರೆ ಹುಡುಗಾಟವಲ್ಲ. ಕನಸಿನಲ್ಲಿ ಸಿಕ್ಕ ಅಪ್ಪಣೆಯಿಂದಲೇ ಹೆಂಗಸರು ಮಗ್ಗಕ್ಕೆ ಕೂರುತ್ತಾರೆ, ಗಂಡಸರು ಹರಕೆ ಹೊರುತ್ತಾರೆ. ನನಗೂ ಭಯವಿದೆ. ಆದರೆ ಕನಸು ಕಾಣುವವರು ಸ್ವಲ್ಪ ಮುಂದೇನಾಗುತ್ತದೆ ಎಂದು ಯೋಚಿಸಿ ಮಾತು ಕೊಡಬಾರದೇ?

ಅಂದೇ ಸೆನ್ಯೋರಾ ತಗ್ಗಿನಲ್ಲಿ ನಿಂತಳು. ಜೀವಮಾನವಿಡೀ ಮೂಸಿ ಮುಂದೆ ಹೋಗಬೇಕಾಗಿದ್ದ ಹಸಿರಿಗೆ ಬಾಯಿ ಹಾಕಿದವಳು ತಲೆ ಎತ್ತಲೇ ಇಲ್ಲ. ಹಿಂದೆ ಬಂದ ಮಂದೆಯೂ ನಿಂತಿತು. ಕುಕ್ಕೆ ಕಟ್ಟಿದ ಕುರಿಗಳು ಅವಳ ಬಾಯನ್ನೇ ನೋಡುತ್ತ ಕಾಲು ಕೆರೆದವು. ನಾನು ಅವಳ ಕೊರಳಿಗೆ ಹಗ್ಗ ಹಾಕಿ ಎಳೆದೆ. ದೊರೆಸಾನಿ ಕೆಸರಿನಲ್ಲಿ ಕೂತೇಬಿಟ್ಟಳು.

"ಎಳೀಬೇಡ, ವಯಸ್ಸಾಗಿದೆ. ಎರಡು ಬಾಯಿ ತಿಂದು ಬರ್ತಾಳೆ ಬಿಡು" ಎಂದಳು ಅತ್ತೆ.

ಎರಡು ಬಾಯಿ! ದಿನ ಕಳೆದಂತೆ ಅಲ್ಲಿ ನಿಲ್ಲುವ ಹೊತ್ತು ಹೆಚ್ಚಾಯಿತು. ಉಳಿದವು ಬಂಡೆಗೆ ಮೂತಿ ತಿಕ್ಕಿ ಕುಕ್ಕೆ ಕಳಚಲು ಕಲಿತವು. ನಾನು ಕಟ್ಟುವುದು, ಅವು ಕಳಚುವುದು. ಮಳೆ ಜೋರಾಗುವ ಹೊತ್ತಿಗೆ ಇಡೀ ಮಂದೆ ಜೌಗಿನಲ್ಲೇ ಹೊಟ್ಟೆ ತುಂಬಿಸಿಕೊಂಡು ಗುಡ್ಡಕ್ಕೆ ಬರೀ ಮೆಲುಕು ಹಾಕಲು ಬರುತ್ತಿತ್ತು.

ಮೈ ಉರಿಯುವ ಸಂಗತಿ ಎಂದರೆ ಅವು ದಪ್ಪಗಾದವು. ಬೆನ್ನು ತುಂಬಿಕೊಂಡು ಉಣ್ಣೆ ಮಿರಮಿರ ಮಿಂಚಿತು. ಅತ್ತೆ ಒಂದೊಂದರ ಬೆನ್ನೂ ತಟ್ಟಿ ನನ್ನ ಮುಖ ನೋಡಿದಳು.

"ಏನೋ ಸತ್ತೋಗ್ತವೆ ಅಂತಿದ್ದೆ?"

"ನಾನಂದಿದ್ದಲ್ಲ, ನೀವೇ ಅಂದಿದ್ದು. ಜೌಗಿನ ಹುಲ್ಲು ಹೊಟ್ಟೆ ಕೊಳೆಸ್ತದೆ ಅಂತ."

"ಅದು ಬೇರೆ ಕಾಲ. ಈಗ ಸೆನ್ಯೋರಾಗೆ ಅಪ್ಪಣೆ ಆಗೈತೆ. ಅವಳ ಹಿಂದೆ ಹೋದವಕ್ಕೆ ಏನೂ ಆಗಲ್ಲ."

ಮಳೆ ಹೋಗಿ ಚಳಿ ಬಂತು. ಮೊದಲು ಮರಿಗಳು ಬೆಳೆಯುವುದನ್ನು ನಿಲ್ಲಿಸಿದವು. ಆಮೇಲೆ ಉಣ್ಣೆ ಕತ್ತರಿಸಲು ಕೂತರೆ ಕತ್ತರಿಯೇ ಬೇಕಾಗಲಿಲ್ಲ, ಹಿಡಿದಲ್ಲಿ ಕಿತ್ತುಬಂತು. ಕಣ್ಣರೆಪ್ಪೆ ಮಗುಚಿ ನೋಡಿದರೆ ಕೆಂಪು ಎನ್ನುವುದೇ ಇಲ್ಲ, ಒಳಗೆಲ್ಲ ಜೋಳದ ಹಿಟ್ಟಿನ ಬಣ್ಣ. ನನ್ನ ಎರಡರಲ್ಲಿ ದೊಡ್ಡದರ ಹೆಸರು ನಿಚಿಮ್. ಅದರ ಗದ್ದದ ಕೆಳಗೆ ನೀರು ತುಂಬಿ ಚೀಲ ಜೋತುಬಿತ್ತು. ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು.

ಶಾಲಿಕ್ ಸಾನ್ ಕ್ರಿಸ್ತೋಬಾಲ್ ಪೇಟೆಗೆ ಹೋಗಿ ಔಷಧಿ ಅಂಗಡಿಯಿಂದ ಒಂದು ಬಾಟಲಿ ತಂದ. ಬಸವನಹುಳದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಈಲಿಗೆ ಹುಳ ಹೋಗುತ್ತದೆ, ಎಲೆಯ ಹಾಗೆ ಚಪ್ಪಟೆ ಇರುತ್ತದೆ ಎಂದು ಅಂಗಡಿಯವನು ಹೇಳಿದನಂತೆ. ಕುರಿಗಳ ಬಾಯಿ ಬಿಡಿಸಿ ಕುಡಿಸಿದೆವು. ಸ್ವಲ್ಪ ಚೇತರಿಸಿಕೊಂಡವು. ಚೇತರಿಸಿಕೊಂಡು ಮಾಡಿದ್ದೇನು? ಸೆನ್ಯೋರಾಳ ಹಿಂದೆ ಮತ್ತೆ ಅದೇ ಜೌಗಿಗೆ ಹೋದವು. ಒಡೆದ ಗಡಿಗೆಗೆ ನೀರು ತುಂಬಿಸುವ ಕೆಲಸ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ನಿಮ್ಮವ್ವನಿಗೆ ಹೇಳು ಮಾರಾಯ. ಸೆನ್ಯೋರಾ ಒಬ್ಬಳ ಮೂತಿ ಕಟ್ಟಿದ್ರೆ ಎಲ್ಲಾ ಸರಿ ಹೋಗ್ತದೆ" ಎಂದೆ ಗಂಡನಿಗೆ.

"ಕುರಿ ವಿಷಯ ಹೆಂಗಸರದ್ದು. ನಾನು ಬಾಯಿ ಹಾಕಂಗಿಲ್ಲ."

"ರೊಪ್ಪದ ಹಲಗೆ ಹೊರೋವಾಗ ಹೆಂಗಸರದ್ದು ಅನ್ಸಿಲ್ವಾ?"

"ಅದು ಹೊಲದ ಕೆಲಸ" ಎಂದು ಟೋಪಿ ಹಾಕಿಕೊಂಡು ಹೊರಗೆ ಹೋದ. ಈ ಮನೆಯಲ್ಲಿ ತಲೆ ನೆಟ್ಟಗಿರುವವಳು ನಾನೊಬ್ಬಳೇ ಎಂದು ಅವತ್ತು ಗೊತ್ತಾಯಿತು.

ಅತ್ತೆಯೇನು ಸುಮ್ಮನೆ ಕೂತಿರಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಅವಳ ನಂಬಿಕೆ. ನಾಡಿ ನೋಡುವ ಮುದುಕನನ್ನು ಕರೆಸಿದಳು. ಆತ ಸೆನ್ಯೋರಾಳ ಮುಂಗಾಲು ಹಿಡಿದು ಕಣ್ಣು ಮುಚ್ಚಿ ಕೂತ. ಪೈನ್ ಎಲೆ ಹಾಸಿ, ಮೇಣದ ಬತ್ತಿ ಹಚ್ಚಿ, ಕೋಕಾಕೋಲಾ ಕುಡಿದು ತೇಗಿ, ಕೆಟ್ಟದ್ದು ಹೊರಗೆ ಹೋಯಿತು ಎಂದ. ಅತ್ತೆ ನೆಮ್ಮದಿಯಿಂದ ಮಂದೆ ಹೊಡೆದುಕೊಂಡು ನೇರವಾಗಿ ಜೌಗಿಗೆ ಹೋದಳು. ಆ ವಾರವೇ ನಿಚಿಮ್ ಸತ್ತಿತು.

ಬೆಳಿಗ್ಗೆ ರೊಪ್ಪದಲ್ಲಿ ಕಾಲು ಚಾಚಿ ಬಿದ್ದಿತ್ತು. ಮದುವೆಯಾಗಿ ಬರುವ ದಿನ ದಾರಿಯುದ್ದಕ್ಕೂ ನಾನು ಎತ್ತಿಕೊಂಡು ಬಂದ ಮರಿ ಅದು. ಹೊಲದ ಅಂಚಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದೆವು. ಅತ್ತೆ ನನಗಿಂತ ಜೋರಾಗಿ ಅತ್ತಳು. ಅವಳ ಅಳು ಕೇಳಿ ನನ್ನ ಅಳು ನಿಂತುಹೋಯಿತು, ಅಷ್ಟು ಸಿಟ್ಟು ಬಂತು. ಇನ್ನು ಉಳಿದದ್ದು ಒಂದು, ಅದೂ ಗಬ್ಬದ ಕುರಿ. ಅದರ ಗದ್ದದ ಕೆಳಗೂ ಆಗಲೇ ಮೆತ್ತಗಾಗಿತ್ತು.

ಹಗ್ಗ ಆಯಿತು, ಔಷಧಿ ಆಯಿತು, ಗಂಡನೂ ಆಯಿತು. ಕನಸನ್ನು ಕನಸಿನಿಂದಲೇ ಹೊಡೆಯಬೇಕು ಎಂದು ತೀರ್ಮಾನಿಸಿದೆ. ಮರುದಿನ ಬೆಳಿಗ್ಗೆ ಅತ್ತೆ ಒಲೆ ಪಕ್ಕ ಕೂತು ನೂಲುತ್ತಿದ್ದಳು. ನಾನು ರೊಟ್ಟಿ ತಟ್ಟುತ್ತ ಆದಷ್ಟು ಸಾಧುವಾದ ದನಿಯಲ್ಲಿ ಶುರು ಮಾಡಿದೆ.

"ಅತ್ತೆ, ರಾತ್ರಿ ಸೆನ್ಯೋರಾ ನನ್ನ ಕನಸಲ್ಲೂ ಬಂದಿದ್ಲು."

ಕದಿರು ನಿಂತಿತು. "ಹೌದಾ? ಏನಂದ್ಲು?"

"ನನ್ನ ಬಾಯಿ ಕಟ್ಟಿ ಅಂದ್ಲು. ಆಸೆ ತಡೆಯಕ್ಕಾಗ್ತಿಲ್ಲ, ನನ್ನಿಂದ ಮಕ್ಕಳು ಮರಿ ಸಾಯ್ತಾ ಅವೆ, ತುಮಿನಾಗೆ ಹೇಳು ಅಂದ್ಲು."

"ಯಾವ ಕಡೆಯಿಂದ ಬಂದ್ಲು?"

"ಯಾವ ಕಡೆ ಅಂದ್ರೆ... ಬಾಗಿಲ ಕಡೆಯಿಂದ."

"ಏನು ಉಟ್ಟಿದ್ಲು?"

ಕುರಿ ಏನು ಉಡುತ್ತದೆ? ನಾನು ಕಕ್ಕಾಬಿಕ್ಕಿಯಾದೆ. "ಏನೂ ಉಟ್ಟಿರ್ಲಿಲ್ಲ. ಕುರಿ ಹೆಂಗಿರ್ತದೋ ಹಂಗೇ ಇದ್ಲು."

"ನಾಲ್ಕು ಕಾಲಲ್ಲಿ ನಿಂತು ಮಾತಾಡಿದ್ಲಾ?"

"ಹೂಂ."

ಅತ್ತೆ ಮತ್ತೆ ಕದಿರು ತಿರುಗಿಸಿದಳು. "ನನ್ನ ಹತ್ರ ಕೆಂಪು ಶಾಲು ಹೊದ್ದು ಹೆಂಗಸಾಗಿ ಬಂದಿದ್ಲು. ಕನಸಲ್ಲಿ ಬರೋದು ಆತ್ಮ ಕಣೇ. ಕುರಿ ಕುರಿಯಾಗೇ ಬಂದ್ರೆ ಬ್ಯಾ ಅಂತದೆ, ಅಷ್ಟೇ. ಸುಳ್ಳು ಹೇಳೋದಾದ್ರೆ ಗೊತ್ತಿರೋರನ್ನ ಕೇಳ್ಕೊಂಡು ಬಂದು ಹೇಳು."

ಕೈಯಲ್ಲಿದ್ದ ಹಿಟ್ಟನ್ನು ಕಲ್ಲಿನ ಮೇಲೆ ಬಿಸಾಡಿದೆ. ಸಾಧುತನವೆಲ್ಲ ಅಲ್ಲಿಗೇ ಮುಗಿಯಿತು.

"ಹೌದು, ಸುಳ್ಳೇ ಹೇಳ್ದೆ! ನಿಚಿಮ್ ಸತ್ತಿದ್ದು ಸುಳ್ಳಾ? ಮರಿಗಳು ಬೆಳೀದೆ ನಿಂತಿರೋದು ಸುಳ್ಳಾ? ಜೀವ ಪೂರ್ತಿ ಇಬ್ಬನಿ ಇಬ್ಬನಿ ಅಂತ ನನ್ನ ಪ್ರಾಣ ತಿಂದ್ರಿ. ಈಗ ಅಂಗೈಯಷ್ಟು ಇಬ್ಬನಿ ಬಿಟ್ಟು ಮೊಣಕಾಲುದ್ದ ಜೌಗಲ್ಲಿ ಮೇಯಿಸ್ತೀರಿ. ನೀವು ಕಲಿಸಿದ್ದನ್ನೇ ನಾನು ನಿಮಗೆ ಕಲಿಸ್ಬೇಕಾ? ಒಂದು ಮುದಿ ಕುರಿಗೋಸ್ಕರ ಎಲ್ಲಾನೂ ಗುಂಡಿಗೆ ಹಾಕ್ತೀರಾ?"

ಅತ್ತೆಯ ಮುಖ ಸಣ್ಣದಾಯಿತು. ಕದಿರನ್ನು ಕೆಳಗಿಟ್ಟು, "ನನಗೂ ಕಣ್ಣು ಕಾಣ್ತದೆ ಕಣೇ. ಮಾತು ಕೊಟ್ಟಿದ್ದೀನಿ, ಏನು ಮಾಡ್ಲಿ?" ಎಂದಳು.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಅತ್ತೆ ರೊಪ್ಪದ ಹೊರಗೆ ನಿಂತಿದ್ದಳು. ಸೆನ್ಯೋರಾಳ ಕೊರಳಲ್ಲಿ ಹಗ್ಗ. ಉಳಿದ ಎಲ್ಲ ಕುರಿಗಳಿಗೂ ಬಿಗಿಯಾಗಿ ಕುಕ್ಕೆ ಕಟ್ಟಿ ಆಗಿತ್ತು. ಕೋಲನ್ನು ನನ್ನ ಕೈಗೆ ಕೊಟ್ಟಳು.

"ಬಾಯಿ ಕಟ್ಟಬೇಡ ಅಂತ ಕೇಳಿದ್ಲು, ಕಟ್ಟಲ್ಲ. ಮಂದೆ ಮುಂದೆ ನಡೀತೀನಿ ಅಂತ ಕೇಳಿಲ್ವಲ್ಲ. ಇವಳನ್ನ ಮನೆ ಹಿಂದಿನ ಗುಡ್ಡಕ್ಕೆ ಕರ್ಕೊಂಡೋಗ್ತೀನಿ. ಒಣಗಿದ ಜಾಗ. ಒಂದು ಕುರಿಗೆ ಸಾಕಾಗೋ ಅಷ್ಟು ಹುಲ್ಲೈತೆ."

"ಮಂದೆ?"

"ನೀನು ನೋಡ್ಕೋ."

"ನೀವು ಬರಲ್ವಾ?"

"ನಾನು ಬಂದ್ರೆ ಇವಳ ಜೊತೆ ಯಾರಿರ್ತಾರೆ?" ಎಂದು ಹೊರಟೇಬಿಟ್ಟಳು. ನಾನು ಎಳೆದರೆ ಕೆಸರಿನಲ್ಲಿ ಕೂರುತ್ತಿದ್ದ ದೊರೆಸಾನಿ ಅವಳ ಹಿಂದೆ ಬಾಲ ಅಲ್ಲಾಡಿಸಿಕೊಂಡು ಹೋದಳು.

ಆ ದಿನದ ನನ್ನ ಪಾಡು ನನ್ನ ಶತ್ರುವಿಗೂ ಬೇಡ. ಮುಂದೆ ನಡೆಯುವವಳಿಲ್ಲದ ಮಂದೆ ಬಾಗಿಲಲ್ಲೇ ಗಿರಗಿರ ಸುತ್ತಿತು. ಮನೆಯ ಹಿಂದಿನಿಂದ ಸೆನ್ಯೋರಾ ಬ್ಯಾ ಎಂದರೆ ಎಲ್ಲವೂ ಅತ್ತ ನುಗ್ಗುತ್ತಿದ್ದವು. ನಾನು ಉಪ್ಪು ತೋರಿಸಿ, ಬೈದು, ಬೇಡಿಕೊಂಡು, ಕೊನೆಗೆ ನನ್ನ ಗಬ್ಬದ ಕುರಿಯನ್ನು ಹಗ್ಗದಲ್ಲಿ ಮುಂದೆ ನಡೆಸಿಕೊಂಡು ತಗ್ಗು ದಾಟಿದೆ. ಒಂದರ ಹಿಂದೆ ಒಂದು ಬಂದವು. ಜೌಗಿನಲ್ಲಿ ನಿಲ್ಲಲು ನಾನು ಬಿಡಲಿಲ್ಲ. ಗುಡ್ಡದ ಒಣಹುಲ್ಲಿನಲ್ಲಿ ಕುಕ್ಕೆ ಬಿಚ್ಚಿದಾಗ ನನಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಬರೀ ಸುಸ್ತಾಗಿತ್ತು. ಅತ್ತೆ ಇಲ್ಲದೆ ಕುರಿ ಮೇಯಿಸಿದ್ದು ಅದೇ ಮೊದಲು.

ಸಂಜೆ ಮಂದೆಯನ್ನು ಕೂಡಿ ಬಂದರೂ ಅತ್ತೆ ಇಳಿದು ಬಂದಿರಲಿಲ್ಲ. ಬೈಯಲೆಂದೇ ಹಿಂದಿನ ಗುಡ್ಡ ಹತ್ತಿದೆ. ಮೇಲೆ ಎರಡು ಕಪ್ಪು ಕುರಿಗಳು ಕಂಡವು. ನಮ್ಮದನ್ನು ಇನ್ನೊಂದು ಹೇಗೆ ಸೇರಿಕೊಂಡಿತು ಎಂದುಕೊಳ್ಳುತ್ತ ಹತ್ತಿರ ಹೋದೆ. ಇನ್ನೊಂದು ಅತ್ತೆ. ಉಣ್ಣೆಯ ಕರಿ ಲಂಗ ಹರಡಿಕೊಂಡು, ಕೈ ಮೊಣಕಾಲು ಊರಿ, ಸೆನ್ಯೋರಾಳ ಮೈಗೆ ಮೈ ತಾಗಿಸಿ, ತಲೆ ಬಗ್ಗಿಸಿ ಬೆರಳಿನಿಂದ ಹುಲ್ಲು ಕೀಳುತ್ತಿದ್ದಳು.

"ಅತ್ತೆ! ಏನು ಮಾಡ್ತಾ ಇದ್ದೀರಿ ಇದು?"

"ಕೂಗಬೇಡ. ಬೆಳಿಗ್ಗೆಯಿಂದ ಒಂದೆಸಳು ಮುಟ್ಟಿಲ್ಲ ಇವಳು. ಮಂದೆ ಕಡೆ ನೋಡ್ಕೊಂಡು ಕೂಗ್ತಾಳೆ. ಕುರಿ ಒಂಟಿಯಾಗಿ ಮೇಯಲ್ಲ ಕಣೇ, ಪಕ್ಕದಲ್ಲಿ ಇನ್ನೊಂದು ಮೇಯ್ತಿರಬೇಕು."

"ನನ್ನ ಕುರೀನ ತಂದು ಕಟ್ಲಾ?"

"ಬೇಡ. ಅದು ಮುಂದೆ ನಡೀಲಿ. ನಾನಿದ್ದೀನಲ್ಲ."

ಅವಳ ಬೆರಳ ತುದಿ ಒಡೆದು ರಕ್ತ ಒಸರಿತ್ತು. ಇಡೀ ದಿನ ಹೀಗೇ ಇದ್ದಳೋ ಏನೋ. ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಕುರಿಯ ಮೇಲೆ, ಕನಸಿನ ಮೇಲೆ, ಈ ಮುದುಕಿಯ ಮೇಲೆ, ಇಂಥ ಮನೆ ನೋಡಿ ಕೊಟ್ಟ ನನ್ನ ಅಪ್ಪನ ಮೇಲೆ. ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಲೇ ಲಂಗ ಹರಡಿಕೊಂಡು ಸೆನ್ಯೋರಾಳ ಇನ್ನೊಂದು ಪಕ್ಕಕ್ಕೆ ಮೊಣಕಾಲೂರಿ, ನಾನೂ ಹುಲ್ಲು ಕೀಳತೊಡಗಿದೆ. ದೊರೆಸಾನಿ ಅತ್ತೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಆಮೇಲೆ ತಲೆ ತಗ್ಗಿಸಿ ಮೇಯಲು ಶುರು ಮಾಡಿದಳು.